ಮುಖ್ಯವಾದಾಗಲೇ ಮಲಗುವ ವೈಫೈ

ಮನೆಗೆ ಬೀಗ ಹಾಕಿ ಹೊರಟವರು ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ತಿರುಗಿ ಬರುವುದುಂಟು. ನಾನು ಅವರಿಗಿಂತ ಒಂದು ಹೆಜ್ಜೆ ಮುಂದೆ. ಮನೆಯಲ್ಲಿ ಅತ್ತೆಯವರು ಕೂತಿರುವಾಗಲೂ, ಅಂದರೆ ಬೀಗ ಹಾಕುವ ಪ್ರಶ್ನೆಯೇ ಇಲ್ಲದಾಗಲೂ, ಕಾರಟಗಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತು ನಾನು ಬೀಗದ ಬಗ್ಗೆ ಚಿಂತೆ ಮಾಡಿದ್ದೇನೆ.

ಇಂಥವಳು ಐವತ್ಮೂರನೆಯ ವಯಸ್ಸಿಗೆ ಪಿಎಚ್‌.ಡಿ. ಮುಗಿಸಲು ಹೊರಟರೆ ಏನಾಗಬಹುದು, ನೀವೇ ಊಹಿಸಿ. ಗಂಗಾವತಿಯ ಕಾಲೇಜೊಂದರಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ನಿಜಾಮರ ಕಾಲದಲ್ಲಿ ನಮ್ಮ ಕಡೆಯ ಹಳ್ಳಿಗಳಲ್ಲಿ ಬರೆದ ಜಮೀನು ಕಾಗದಗಳಿಂದ ನಮ್ಮ ಮಾತಿನೊಳಗೆ ಇಳಿದು ಕೂತ ಉರ್ದು ಪದಗಳು ನನ್ನ ವಿಷಯ. ಎಂಟು ವರ್ಷ ಕುಷ್ಟಗಿ, ಯಲಬುರ್ಗಾ ಕಡೆಯ ಊರೂರು ತಿರುಗಿ, ಜನರ ಟ್ರಂಕುಗಳೊಳಗಿನ ಹಳೆಯ ಕಾಗದಗಳ ಫೋಟೋ ತೆಗೆದುಕೊಂಡು ಬಂದೆ.

ಈ ತಿರುಗಾಟದಲ್ಲಿ ಒಂದು ಸಂಗತಿ ನನಗೆ ವಿಶೇಷವಾಗಿ ಹಿಡಿಸಿತು. ‘ಫಿಕೀರು’ ಎಂದು ನಾವು ಚಿಂತೆಗೆ ಅನ್ನುತ್ತೇವಲ್ಲ, ಆ ಪದ ಅರಬ್ಬಿಯಲ್ಲಿ ಹುಟ್ಟಿದಾಗ ಅದಕ್ಕೆ ಬರೀ ‘ಯೋಚನೆ’ ಎಂಬ ಅರ್ಥ. ಇತ್ತ ಸಂಸ್ಕೃತದಿಂದ ಬಂದ ‘ಚಿಂತೆ’ಯ ಬುಡದಲ್ಲೂ ಯೋಚನೆಯೇ ಇದೆ. ಎರಡೂ ಯೋಚನೆಯಾಗಿ ಹೊರಟು ಸಂಕಟವಾಗಿ ನಮ್ಮ ಮನೆ ಮುಟ್ಟಿದವು. ದಾರಿಯಲ್ಲಿ ಏನಾಯಿತು ಎಂದು ಯಾವ ನಿಘಂಟೂ ಹೇಳುವುದಿಲ್ಲ. ನನ್ನನ್ನು ಕೇಳಿದರೆ ಹೇಳಬಲ್ಲೆ: ಯೋಚನೆಯನ್ನು ಮೂರನೆಯ ಸಲ ಮಾಡಿ ನೋಡಿ, ಚಿಂತೆ ತಾನಾಗಿ ಬರುತ್ತದೆ.

ನಾಲ್ಕು ವರ್ಷದ ಹಿಂದೆ ನನ್ನ ಹಳೆಯ ಲ್ಯಾಪ್‌ಟಾಪು ಇದ್ದಕ್ಕಿದ್ದಂತೆ ಕಣ್ಣು ಮುಚ್ಚಿತು. ಅದರ ಜೊತೆ ನನ್ನ ಮೂರನೆಯ ಅಧ್ಯಾಯವೂ ಹೋಯಿತು. ಆ ಅಧ್ಯಾಯಕ್ಕಾಗಿ ನಾನು ಅತ್ತದ್ದನ್ನು ಕಂಡು ಅತ್ತೆಯವರು ಯಾರೋ ತೀರಿಕೊಂಡರೆಂದು ಗಾಬರಿಯಾಗಿದ್ದರು. ಹೊಸ ಲ್ಯಾಪ್‌ಟಾಪಿನ ಜೊತೆಗೇ, ಬರೆದದ್ದನ್ನೂ ಕಾಗದಗಳ ಫೋಟೋಗಳನ್ನೂ ತುಂಬಿಡಲು, ಒಂದು ಹಾರ್ಡ್‌ಡಿಸ್ಕ್ ಕೊಂಡೆ. ಅಂಗೈಯಷ್ಟು ಕಪ್ಪು ಡಬ್ಬಿ, ಗೇಣುದ್ದದ ವೈರು, ವೈರಿನ ತುದಿಗೆ ನೀಲಿ ನಾಲಿಗೆ. ಅಂದಿನಿಂದ ಅದು ನನ್ನ ಚೀಲದಲ್ಲಿ ಊಟದ ಡಬ್ಬಿಯ ಪಕ್ಕ ಕೂತು ಕಾಲೇಜಿಗೆ ಹೋಗಿ ಬರುತ್ತಿತ್ತು. ಪ್ರಬಂಧದ ಕೆಲಸಕ್ಕೆ ಕೂತೆನೆಂದರೆ ಮೊದಲು ಅದನ್ನು ಸಿಕ್ಕಿಸಬೇಕು. ಸಿಕ್ಕಿಸಿದರೆ ಮಾತ್ರ ಎದೆ ಹಗುರ.

ಇನ್ನು ವೈಫೈ. ನಮ್ಮ ಮನೆಯ ವೈಫೈಗೆ ಒಂದು ವಿಚಿತ್ರ ಗುಣವಿತ್ತು. ಅತ್ತೆಯವರಿಗೆ ಭಜನೆ ಹಚ್ಚಿಕೊಟ್ಟರೆ ಓಡುತ್ತಿತ್ತು. ಸೀರೆಯ ಅಂಗಡಿ ನೋಡಿದರೆ ಕುಣಿಯುತ್ತಿತ್ತು. ನನ್ನ ಮಾರ್ಗದರ್ಶಕರ ಜೊತೆ ವಿಡಿಯೋದಲ್ಲಿ ಅಧ್ಯಾಯದ ಚರ್ಚೆಗೆ ಕೂತೆನೋ, ಮಲಗಿಬಿಡುತ್ತಿತ್ತು. ಪರದೆಯ ಮೇಲೆ ಸರ್ ಬಾಯಿ ತೆರೆದವರು ಹಾಗೇ ನಿಲ್ಲುತ್ತಿದ್ದರು. “ಗಿರಿಜಾ ಅವರೇ, ನೀವು ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳ್ತದೆ” ಎನ್ನುತ್ತಿದ್ದರು.

ಕೊನೆಗೆ ಮೌಖಿಕ ಪರೀಕ್ಷೆಯ ದಿನ ಗೊತ್ತಾಯಿತು. ಪರೀಕ್ಷಕರು ದೂರದ ಊರಿನವರು, ಎಲ್ಲವೂ ವಿಡಿಯೋದಲ್ಲೇ. ಕಾಲೇಜಿನಲ್ಲಿ ಅಂದು ಪರೀಕ್ಷೆಗಳಿದ್ದುದರಿಂದ ಒಂದೂ ಕೋಣೆ ಖಾಲಿ ಇರಲಿಲ್ಲ. ನಮ್ಮ ಓಣಿಯಲ್ಲಿ ಮೊಬೈಲಿನ ನೆಟ್ಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಉಳಿದದ್ದು ಮನೆಯ ವೈಫೈ ಒಂದೇ. ಹತ್ತು ದಿನ ಮುಂಚೆ ಸರ್ ಜೊತೆ ಒಂದು ತಾಲೀಮು ಮಾಡಿದೆವು. ಅರ್ಧ ಗಂಟೆಯಲ್ಲಿ ಏಳು ಸಲ ಕಡಿಯಿತು. ಸರ್ ಸಮಾಧಾನದ ಮನುಷ್ಯ. ಅವರೇ ಕೊನೆಗೆ ಫೋನ್ ಮಾಡಿ, “ಏನಾದರೂ ವ್ಯವಸ್ಥೆ ಮಾಡಿಕೊಳ್ಳಿ, ಅವತ್ತೂ ಹೀಗಾದರೆ ಪರೀಕ್ಷೆ ಮುಂದೆ ಹೋಗುತ್ತದೆ. ಮತ್ತೆ ದಿನ ಸಿಗುವುದು ಯಾವಾಗಲೋ” ಎಂದರು. 

ಲ್ಯಾಪ್‌ಟಾಪಿನವರ ಸಹಾಯವಾಣಿಗೆ ಫೋನ್ ಮಾಡಿದೆ. ವೈಫೈ ಡ್ರೈವರ್ ಹಳೆಯದಾಗಿದೆ, ಬದಲಿಸಬೇಕು ಎಂದರು. ನಾನು ಫೋನಿಗೆ, “ಡ್ರೈವರ್ ಬದಲಿ ಮಾಡಿದರೆ ಸರಿ ಹೋಗುತ್ತಾ?” ಎಂದು ಗಟ್ಟಿಯಾಗಿ ಕೇಳಿದ್ದು ಅತ್ತೆಯವರ ಕಿವಿಗೆ ಬಿತ್ತು. ಸಂಜೆ ನನ್ನ ಗಂಡ ಸಿದ್ದಾಪುರದ ನಮ್ಮ ಗದ್ದೆಯಿಂದ ಬಂದದ್ದೇ ತಡ, ಅತ್ತೆಯವರು ಶುರು ಮಾಡಿದರು. “ತಮ್ಮಾ, ಡ್ರೈವರನ್ನ ಯಾಕ ಬಿಡಸ್ತೀರಿ? ಹನ್ನೆರಡು ವರ್ಷ ಆತು ನಮ್ಮ ಟ್ರ್ಯಾಕ್ಟರ್ ಹೊಡ್ಯಾಕತ್ತಿ. ಒಂದಿನಾನೂ ಕುಡದು ಬಂದಾಂವಲ್ಲ.”

ಡ್ರೈವರ್ ಎಂಬುದು ಯಂತ್ರದ ಒಂದು ಅಂಗಕ್ಕೂ ನಮ್ಮ ಲ್ಯಾಪ್‌ಟಾಪಿಗೂ ನಡುವೆ ಮಾತು ಆಡಿಸುವ ದುಭಾಷಿಯಂಥದ್ದು ಎಂದು ಬಿಡಿಸಿ ಹೇಳಿದೆ. “ಅದನ್ನರ ಯಾಕ ಬಿಡಸ್ತಿ ಮತ್ತ” ಎಂದರು ಅತ್ತೆ. ದುಭಾಷಿಯನ್ನು ಬದಲಿಸಿದ್ದಾಯಿತು. ರೂಟರನ್ನು ಕಬ್ಬಿಣದ ಅಲ್ಮಾರಿಯ ಮೇಲಿನಿಂದ ಕಿಟಕಿಗೆ ಸಾಗಿಸಿದ್ದಾಯಿತು. ತಾಲೀಮಿಗೆ ಕೂತರೆ ಮತ್ತದೇ ಬಾವಿ. ನನಗೆ ಅನ್ನ ಸೇರದಾಯಿತು. ಪಾಠ ಮಾಡುತ್ತ ಮಾಡುತ್ತ ನಡುವೆ ನಿಂತು, “ಕೇಳ್ತದಾ?” ಎಂದು ಎದುರಿಗೇ ಕೂತ ಮಕ್ಕಳನ್ನು ಕೇಳಿದ್ದೂ ಆಯಿತು. ನನ್ನ ಗಂಡನದು ಮಾತ್ರ ಒಂದೇ ಮಾತು: “ಏನಾಗೂದಿಲ್ಲ ಬಿಡು.” ಈ ಮನುಷ್ಯನಿಗೆ ಮನಸ್ಸೆಂಬುದು ಇದೆಯೋ ಇಲ್ಲವೋ ಎಂದು ನನಗೆ ಸಿಟ್ಟು ಬರುತ್ತಿತ್ತು.

ಗಂಗಾವತಿಯಲ್ಲಿ ಖಾಜಾಸಾಬರ ಅಂಗಡಿ ಇದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಅರವತ್ತೈದು ದಾಟಿದ ಖಾಜಾಸಾಬರು ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದರು, ಆಮೇಲೆ ಟೀವಿ, ಈಗ ಕಂಪ್ಯೂಟರ್. ನಾನು ಹೋದಾಗ ಅವರು ಲ್ಯಾಪ್‌ಟಾಪನ್ನು ಮುಟ್ಟಲೇ ಇಲ್ಲ. ಒಳ್ಳೆಯ ವೈದ್ಯರು ನಾಡಿಗಿಂತ ಮುಂಚೆ ಮಾತು ಕೇಳುವಂತೆ, ಕೈಕಟ್ಟಿ ಕೂತು ಕೇಳಿದರು.

“ಯಾವಾಗ ಸ್ಲೋ ಆಗತೈತ್ರಿ ಮೇಡಮ್?”

“ಮುಖ್ಯವಾದ ಕೆಲಸ ಇದ್ದಾಗ ಮಾತ್ರ” ಎಂದೆ. ಹೇಳಿದ ಮೇಲೆ ನನಗೇ ನಾಚಿಕೆಯಾಯಿತು.

ಅವರು ನಗಲಿಲ್ಲ. “ಅದಕ್ಕ ಮುಖ್ಯ ಯಾವುದು, ಅಲ್ಲದ್ದು ಯಾವುದು ಅಂತ ಗೊತ್ತಾಗೂದಿಲ್ರಿ. ಮುಖ್ಯ ಕೆಲಸ ಇದ್ದಾಗ ನೀವು ಏನ್ ಬ್ಯಾರೆ ಮಾಡ್ತೀರಿ, ಅದನ್ನ ಹೇಳ್ರಿ.”

“ಏನೂ ಇಲ್ಲ” ಎನ್ನುತ್ತಲೇ ನಾನು ಚೀಲದಿಂದ ಹಾರ್ಡ್‌ಡಿಸ್ಕ್ ತೆಗೆದು ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಅಭ್ಯಾಸಬಲ. ಖಾಜಾಸಾಬರು ಆ ನೀಲಿ ನಾಲಿಗೆಯನ್ನೇ ನೋಡಿದರು. ತಮ್ಮ ಅಂಗಡಿಯ ವೈಫೈಗೆ ಜೋಡಿಸಿ ವೇಗ ಅಳೆದರು. ಪರದೆಯ ಮೇಲಿನ ವೇಗದ ಮುಳ್ಳು ತೆವಳಿತು. ಡಿಸ್ಕನ್ನು ಕಿತ್ತು ಮತ್ತೆ ಅಳೆದರು. ಮುಳ್ಳು ಜಿಗಿದು ಆ ಕಡೆ ಹೋಯಿತು. ಮತ್ತೆ ಸಿಕ್ಕಿಸಿದರು, ತೆವಳಿತು. ಮೂರು ಸಲ ಹೀಗೆ ಮಾಡಿ ನನ್ನ ಮುಖ ನೋಡಿದರು.

“ಈ ಡಿಸ್ಕು ಕೆಲಸ ಮಾಡೂವಾಗ ಸುತ್ತಮುತ್ತ ಗದ್ದಲ ಎಬ್ಬಸ್ತೈತ್ರಿ. ಕಿವಿಗೆ ಕೇಳೂ ಗದ್ದಲ ಅಲ್ಲ. ವೈಫೈ ಯಾವ ದಾರ್‍ಯಾಗ ಬರ್ತೈತೋ ಅದs ದಾರ್‍ಯಾಗ. ವೈರು ಬ್ಯಾರೆ ಗಿಡ್ಡ ಐತಿ, ಲ್ಯಾಪ್‌ಟಾಪಿನ ಬಗಲಾಗs ಕುಂದರತೈತಿ. ಹಿಂದಕ ರೇಡಿಯೋ ತರೋರು ನೋಡ್ರಿ, ಗರ್ ಅಂತೈತಿ ಅಂತ. ಬಿಚ್ಚಿ ನೋಡಿದ್ರ ಏನೂ ಇರ್ತಿದ್ದಿಲ್ಲ. ಮನಿಗೆ ಹೋಗಿ ನೋಡಿದ್ರ ಬಾಜೂಕ ಟ್ಯೂಬ್‌ಲೈಟ್ ಇರ್ತಿತ್ತು.”

ನಾಲ್ಕು ವರ್ಷ, ಎದೆ ಹಗುರವಾಗಲೆಂದು ನಾನೇ ಕೈಯಾರೆ ಸಿಕ್ಕಿಸಿಕೊಂಡ ವಸ್ತು. ಮುಖ್ಯವಾದಾಗ ಮಾತ್ರ ಸಿಕ್ಕಿಸುತ್ತಿದ್ದೆ, ಆದ್ದರಿಂದ ಮುಖ್ಯವಾದಾಗ ಮಾತ್ರ ಕೆಡುತ್ತಿತ್ತು. ವೈರು ಹಾಕಿ ನೆಟ್ಟು ತರಬಹುದೇ ಎಂದು ಕೇಳಿದೆ. “ನಿಮ್ಮ ಲ್ಯಾಪ್‌ಟಾಪಿಗೆ ಅದರ ತೂತs ಇಲ್ರಿ” ಎಂದರು. “ಏನೂ ಬ್ಯಾಡ್ರಿ. ಆ ಒಂದು ತಾಸು ಡಿಸ್ಕಿಗೆ ಕೈ ಹಚ್ಚಬ್ಯಾಡ್ರಿ, ಅಷ್ಟs.”

ಅಷ್ಟೇ! ಹೇಳುವುದಕ್ಕೆ ಸುಲಭ. ಸಂಗ್ರಹಿಸಿದ ಅಷ್ಟೂ ಕಾಗದಗಳ ಚಿತ್ರಗಳಿಗೆ ಲ್ಯಾಪ್‌ಟಾಪಿನಲ್ಲಿ ಜಾಗವಿರಲಿಲ್ಲ. ಪರೀಕ್ಷಕರು ಏನು ಕೇಳಬಹುದೆಂದು ಎರಡು ದಿನ ಲೆಕ್ಕ ಹಾಕಿ ಮೂವತ್ತು ಕಾಗದ ಆರಿಸಿ ಇಳಿಸಿಕೊಂಡೆ.

ಮೌಖಿಕ ಪರೀಕ್ಷೆ ಬೆಳಿಗ್ಗೆ ಹನ್ನೊಂದಕ್ಕೆ. ಕೋಣೆಯ ಬಾಗಿಲು ಮುಚ್ಚಿಕೊಂಡೆ. ಡಿಸ್ಕನ್ನು ಮೇಜಿನ ಆ ತುದಿಗೆ ಇಟ್ಟೆ, ಕಣ್ಣಿಗೆ ಕಾಣುವ ಹಾಗೆ. ಪರದೆಯ ಮೇಲೆ ಸರ್ ಬಂದರು, ಪರೀಕ್ಷಕರು ಬಂದರು. ಇಬ್ಬರೂ ಅಲುಗಾಡುತ್ತಿದ್ದರು, ಇಬ್ಬರ ದನಿಯೂ ಮನುಷ್ಯರ ದನಿಯಂತೆ ಕೇಳುತ್ತಿತ್ತು. ಅರ್ಧ ಗಂಟೆ ಸುಸೂತ್ರವಾಗಿ ನಡೆಯಿತು. ಆಮೇಲೆ ಪರೀಕ್ಷಕರು ಕನ್ನಡಕ ತೆಗೆದು ಒರೆಸಿಕೊಂಡು ಕೇಳಿದರು: “ತಕರಾರು ಎಂಬ ಪದ ಒಂದು ಕಡೆ ಜಗಳದ ಅರ್ಥ ಬಿಟ್ಟು ಬೇರೆ ಅರ್ಥದಲ್ಲಿ ಬಂದಿದೆ ಅಂತ ಬರೆದಿದ್ದೀರಿ. ನನಗೆ ಅನುಮಾನ. ಆ ಕಾಗದ ತೋರಿಸ್ತೀರಾ?”

ಆ ಕಾಗದ ನನ್ನ ಮೂವತ್ತರಲ್ಲಿ ಇರಲಿಲ್ಲ.

ಕೈ ತಾನಾಗಿಯೇ ಡಿಸ್ಕಿನ ಕಡೆ ಹೋಯಿತು. ನೀಲಿ ನಾಲಿಗೆ ಬೆರಳಿಗೆ ಸಿಕ್ಕಿತು. ಸಿಕ್ಕಿಸಿದರೆ ಕಾಗದ ಸಿಗುತ್ತದೆ, ತೋರಿಸುವಷ್ಟರಲ್ಲಿ ನೆಟ್ಟು ಮಲಗುತ್ತದೆ. ಸಿಕ್ಕಿಸದಿದ್ದರೆ ಅವರ ಅನುಮಾನ ಅನುಮಾನವಾಗಿಯೇ ಉಳಿಯುತ್ತದೆ. ಪರದೆಯ ಮೇಲೆ ಇಬ್ಬರೂ ಕಾಯುತ್ತಿದ್ದರು. ಸರ್ “ಗಿರಿಜಾ ಅವರೇ, ಕೇಳ್ತಿದೆಯಾ?” ಎಂದರು.

“ಕೇಳ್ತಿದೆ ಸರ್” ಎಂದೆ. ವೈರು ಬಿಟ್ಟೆ. “ಕಾಗದ ಈಗ ಕೈಗೆ ಸಿಗುತ್ತಿಲ್ಲ, ಆಮೇಲೆ ಕಳಿಸುತ್ತೇನೆ. ಆದರೆ ಅದನ್ನು ನಾನು ಓದಿದ ಬಗೆ ಹೇಳಬಹುದೇ?”

ಹೇಳಿದೆ. ಕುಷ್ಟಗಿ ಕಡೆಯ ಒಂದು ಮನೆ. ಆ ಮನೆಯ ಅಜ್ಜಿ ಕಾಗದವನ್ನು ನನ್ನ ಕೈಗೆ ಕೊಡಲಿಲ್ಲ. ತಾನೇ ಎರಡೂ ತುದಿ ಹಿಡಿದು ಬೆಳಕಿಂಡಿಯ ಕೆಳಗೆ ನಿಂತಳು, “ಬರಕೋರಿ” ಎಂದಳು. ಕೈ ನೋಯುತ್ತದೆಂದು ನಡುನಡುವೆ ಇಳಿಸುತ್ತಿದ್ದಳು. ಹೀಗಾಗಿ ಪ್ರತಿ ಸಾಲನ್ನೂ ನಾಲ್ಕಾರು ಸಲ ಓದಬೇಕಾಯಿತು; ಒಂದು ಫೋಟೋಕ್ಕೆ ಆಕೆ ಒಪ್ಪಿದ್ದು ಎಲ್ಲ ಬರೆದು ಮುಗಿದ ಮೇಲೆ. ಇಬ್ಬರು ಅಣ್ಣತಮ್ಮಂದಿರು ಒಂದು ಬಾವಿಯ ನೀರು ಹಂಚಿಕೊಂಡ ಕಾಗದ ಅದು: ಎಂಟು ದಿನ ಅಣ್ಣನಿಗೆ, ಎಂಟು ದಿನ ತಮ್ಮನಿಗೆ, ‘ಆಮೇಲೆ ಇದೇ ತಕರಾರು’. ಅಲ್ಲಿ ಜಗಳವೇ ಇಲ್ಲ. ಅರಬ್ಬಿಯಲ್ಲಿ ತಕರಾರ್ ಎಂದರೆ ಮರಳಿ ಮರಳಿ ಮಾಡುವುದು. ಬರೆದವನಿಗೆ ಆ ಹಳೆಯ ಅರ್ಥ ಗೊತ್ತಿತ್ತು. ಇದೇ ಸರದಿ ತಿರುಗಿ ಬರಲಿ ಎಂದು ಬರೆದಿದ್ದ. ಹೇಳಿದ್ದನ್ನೇ ಹೇಳುವುದು ಜಗಳವಾದದ್ದು ಆಮೇಲೆ.

ಒಂದು ಪದವೂ ತಪ್ಪದೆ ಸಾಲುಗಳು ಬಾಯಿಗೆ ಬಂದವು. ಅವು ಅಷ್ಟು ದಿನ ಎಲ್ಲಿದ್ದವೋ! ಪರೀಕ್ಷಕರು ಕನ್ನಡಕ ಹಾಕಿಕೊಂಡರು. “ಆ ಅಜ್ಜಿ ಇದ್ದಾರಾ?” ಎಂದರು. ಇದ್ದಾರೆ ಎಂದೆ. “ಅವರಿಗೊಂದು ಪ್ರತಿ ಕೊಟ್ಟು ಬನ್ನಿ” ಎಂದು ನಕ್ಕರು. ಹದಿನೈದು ನಿಮಿಷದ ಮೇಲೆ ಸರ್ ನನ್ನನ್ನು ‘ಡಾಕ್ಟರ್’ ಎಂದು ಕರೆದರು. “ಕೇಳಿಸಲಿಲ್ಲ ಸರ್” ಎಂದೆ. ಚೆನ್ನಾಗಿ ಕೇಳಿಸಿತ್ತು.

ಬಾಗಿಲು ತೆಗೆದು ಹೊರಗೆ ಬಂದರೆ ನನ್ನ ಗಂಡ ಅಂಗಳದ ಕಟ್ಟೆಯ ಮೇಲೆ ಕೂತಿದ್ದರು. ಕೊಯ್ಲಿನ ಕಾಲ, ಗದ್ದೆಯಲ್ಲಿರಬೇಕಾದ ಹೊತ್ತು. ನಾನು ಬಾಯಿ ತೆರೆಯುವ ಮೊದಲೇ ಎದುರು ಮನೆಯ ನೀಲಮ್ಮ ಓಣಿ ದಾಟಿ ಬಂದಳು.

“ಮುಗೀತೇನ್ರಿ ಅಕ್ಕಾರ? ಇನ್ನ ನಮ್ಮ ವೈಫೈ ಚಾಲೂ ಮಾಡ್ಲೇನ್ರಿ?”

ನನಗೆ ಅರ್ಥವಾಗಲಿಲ್ಲ. ಗಂಡನ ಮುಖ ನೋಡಿದೆ. ಅವರು ನೆಲ ನೋಡಿದರು. ನೀಲಮ್ಮನೇ ಹೇಳಿದಳು. ಮುಂಜಾನೆ ಇವರು ಖಾಜಾಸಾಬರಿಗೆ ಫೋನ್ ಹಚ್ಚಿ, ಇನ್ನೇನಾದರೂ ಅಡ್ಡ ಬರುವುದಿದೆಯೇ ಎಂದು ಕೇಳಿದ್ದರಂತೆ. ಬಾಜೂಕಿನ ಮನೆಗಳ ರೂಟರೂ ಒಂದಿಷ್ಟು ಗದ್ದಲ ಮಾಡಬಹುದು, ಆದರೆ ಅಷ್ಟೇನೂ ಆಗುವುದಿಲ್ಲ ಎಂದು ಅವರು ಹೇಳಿದ್ದರಂತೆ. ಇವರು ಆರು ಮನೆಗೆ ಹೋಗಿ ಕೈಮುಗಿದು, ಹನ್ನೊಂದರಿಂದ ಹನ್ನೆರಡೂವರೆಯವರೆಗೆ ವೈಫೈ ಬಂದ್ ಇಡಿಸಿದ್ದರು. ಒಂದು ಮನೆಯವರು ಒಪ್ಪದಿದ್ದಾಗ ಅವರ ಕಟ್ಟೆಯ ಮೇಲೆ ಕೂತೇ ಬಿಟ್ಟಿದ್ದರಂತೆ.

“ಅಷ್ಟೇನೂ ಆಗೂದಿಲ್ಲ ಅಂತ ಹೇಳಿದ್ರಂತಲ್ಲ, ಮತ್ತ ಯಾಕ ಹೋದ್ರಿ?” ಎಂದೆ.

“ಖಾಲಿ ಕುಂತು ಏನ್ ಮಾಡ್ಲಿ” ಎಂದರು ಅವರು. “ಏನಾತು ಅದನ್ನ ಹೇಳು ಮೊದಲ.”

ಇಪ್ಪತ್ತೆಂಟು ವರ್ಷ ಒಂದೇ ಸೂರಿನ ಕೆಳಗಿದ್ದು, ಚಿಂತೆಯ ಇಲಾಖೆ ನನ್ನೊಬ್ಬಳದೇ ಎಂದು ತಿಳಿದಿದ್ದೆ. ನನ್ನ ಚಿಂತೆ ಎಷ್ಟು ಸದ್ದು ಮಾಡುತ್ತಿತ್ತೆಂದರೆ, ಪಕ್ಕದಲ್ಲೇ ಇನ್ನೊಂದು ಚಿಂತೆ ಚಪ್ಪಲಿ ಮೆಟ್ಟಿಕೊಂಡು ಆರು ಮನೆ ತಿರುಗಿ ಬಂದದ್ದು ಕೇಳಿಸಿರಲಿಲ್ಲ.

“ಆತ್ರಿ” ಎಂದೆ. “ಪಾಸಾದೆ.” ಅವರು ಮುಖ ಆ ಕಡೆ ಮಾಡಿ, ಓಣಿಯ ಕಡೆ ಕೈಯೆತ್ತಿ ಕೂಗಿದರು: “ಹಚ್ಚ್ರಿ ಎಲ್ಲಾರೂ!”

ಎರಡು ನಿಮಿಷದ ಮೇಲೆ, ಅಷ್ಟು ಹೊತ್ತು ತಡೆದಿದ್ದ ಸಂದೇಶಗಳೆಲ್ಲ ಆರು ಮನೆಯ ಫೋನುಗಳಿಗೆ ಒಟ್ಟಿಗೇ ಬಂದು ಬಿದ್ದವು. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಟಿಣ್ ಟಿಣ್ ಎಂದಿತು.