ಭಾಗಮ್ಮನ ಮೊದಲ ಲೋಟ

ಕೊಳಕೂರಿನ ಸೇಂದಿ ಅಂಗಡಿಯ ಮುಂದೆ, ಬೇವಿನ ಗಿಡದ ಕೆಳಗೆ ಭಜಿ, ಖಾರದ ಕಡಲೆ ಮಾರಿ ಬದುಕಿದವನು ನಾನು, ನಾಗಣ್ಣ. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಹೆಂಡದ ಬಾಗಿಲಲ್ಲಿ ಕೂತಿದ್ದಾನೆ ಎಂದು ಮಂದಿ ಆಡಿಕೊಂಡರು. ಆಡಿಕೊಳ್ಳಲಿ, ಅವರ ಬಾಯಿಗೇನು ಬೀಗ ಇದೆಯೇ? ನಾನು ಒಂದು ಹನಿಯನ್ನೂ ಮುಟ್ಟಿದವನಲ್ಲ. ಆದರೂ ಭಾಗಮ್ಮ ಸೊಕ್ಕಿನಿಂದ ಹಾಳಾದಳು ಎಂದು ಯಾರಾದರೂ ಅಂದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಭಾಗಮ್ಮ ಎಂದರೆ ಈಚಲ ಗಿಡ ಹತ್ತಿ ಸೇಂದಿ ಇಳಿಸುತ್ತಿದ್ದ ಮಲ್ಕಪ್ಪನ ಹೆಂಡತಿ. ಗಂಡನ ಬಾಯಿಂದ ಒಂದು ಮಾತು ಹೊರಡಬೇಕಾದರೆ ಹೊತ್ತು ಮುಳುಗಬೇಕು. ಇವಳ ಮಾತು ಹಳ್ಳದ ಆಚೆಗೂ ಕೇಳುತ್ತಿತ್ತು. ನಮ್ಮೂರ ಸೇಂದಿ ಅಂಗಡಿಯಲ್ಲಿ ಹಿಂದಿನಿಂದ ಬಂದ ರೂಢಿಯೊಂದಿತ್ತು. ಸೇಂದಿ ಇಳಿಸಿದವನ ಹೆಂಡತಿ ಮೊದಲ ಲೋಟವನ್ನು ಎಲ್ಲರೆದುರು ಕುಡಿಯಬೇಕು. ಅವಳು ನುಂಗಿ ಲೋಟ ಬೋರಲು ಹಾಕಿದರೆ ಮಾರಾಟ ಶುರು, ಉಗುಳಿದರೆ ಗಡಿಗೆ ತಿಪ್ಪೆಗೆ. ತನ್ನ ಮನೆಯವಳ ಹೊಟ್ಟೆಗೆ ಹಾಕದ್ದನ್ನು ಊರಿಗೆ ಕೊಡಬಾರದು ಎಂಬ ಲೆಕ್ಕ. ಬರಬರುತ್ತಾ ಉಳಿದ ಹೆಂಗಸರು ಆ ಕೆಲಸವನ್ನು ಭಾಗಮ್ಮನಿಗೇ ಬಿಟ್ಟುಕೊಟ್ಟಿದ್ದರು.

ಅವಳು ಕುಡಿಯುವುದನ್ನು ನೋಡಬೇಕಿತ್ತು! ಮೊದಲು ಮೂಸುವಳು. ಆಮೇಲೆ ಒಂದು ಗುಟುಕು ಬಾಯಲ್ಲಿ ಹಿಡಿದು ಕಣ್ಣು ಮುಚ್ಚುವಳು. ನಸುಕಿನ ಸೇಂದಿ ನಾಲಿಗೆಯ ತುದಿಗೆ ಚುರ್ ಎಂದು ಕಡಿದು ಹಿಂದೆಯೇ ಸಿಹಿಯಾಗಬೇಕು. ಗಂಟಲಲ್ಲಿ ಇಳಿದ ಮೇಲೆ ಬಾಯಿ ಹಗುರಾಗಬೇಕು. ಹಾಗಾಗದಿದ್ದರೆ ಥೂ ಎಂದು ಉಗುಳುವಳು, ಅದು ಯಾರದೇ ಇರಲಿ. ಒಮ್ಮೆ ಸ್ವಂತ ಗಂಡನದ್ದನ್ನೇ ಉಗುಳಿದಳು.

"ನಿನ್ನಿ ಗಡಿಗಿ ತೊಳ್ದಿಲ್ಲ ನೀ. ತಳದಾಗ ಹಳೇ ಹುಳಿ ಅದ. ಚೆಲ್ಲು!"

ಮಲ್ಕಪ್ಪ ಕಮಕ್ ಕಿಮಕ್ ಎನ್ನದೆ ಚೆಲ್ಲಿಬಂದ. ಮಂದಿ ನಕ್ಕರು, ಆದರೆ ಅವಳ ಮೇಲೆ ನಂಬಿಕೆ ಹುಟ್ಟಿದ್ದು ಅವತ್ತೇ.

ಎಂಬತ್ತಾರನೇ ಇಸವಿಯ ಸುಮಾರಿಗೆ ಅಂಗಡಿ ಹೊಸ ಮಾಲಕನ ಕೈಗೆ ಬಂತು. ಹೆಸರು ವ್ಯಂಕಟೇಶ, ಎಲ್ಲಿಂದಲೋ ಬಂದವನು. ಈಚಲ ಗಿಡಗಳ ಗುತ್ತಿಗೆಯೂ ಅವನದೇ. ಒಂದು ಗಡಿಗೆ ಸೇಂದಿಗೆ ನೀರು ಸುರಿದು, ಸ್ಯಾಕರಿನ್ ಹಾಕಿ, ನಿಶೆ ಏರಲೆಂದು ಯಾವುದೋ ಬಿಳಿ ಪುಡಿ ಕಲಸಿ ಮೂರು ಗಡಿಗೆ ಮಾಡಿದ. ಮೊದಲ ದಿನವೇ ಭಾಗಮ್ಮ ಉಗುಳಿದಳು.

"ನಾಲಿಗಿ ಜೋಮು ಹಿಡೀತು. ಇದು ಗಿಡದ್ದಲ್ರಿ, ಡಬ್ಬಿದು."

ಸಂಜೆ ಅವನು ಗಂಡ ಹೆಂಡತಿಯನ್ನು ನನ್ನ ಭಜಿ ಒಲೆಯ ಹತ್ತಿರವೇ ನಿಲ್ಲಿಸಿಕೊಂಡ. "ನಾಲಿಗಿ ಒಳ್ಳೇದಿದ್ರ ನಾಡೆಲ್ಲಾ ಒಳ್ಳೇದು ಅಂತಾರ, ಭಾಗಮ್ಮ. ನಾಳೆ ಲೋಟ ಬೋರಲು ಬೀಳಬೇಕು. ಇಲ್ಲಾಂದ್ರ ನಿನ್ನ ಗಂಡನ ಗಿಡ ಬ್ಯಾರೆದವ್ರಿಗಿ ಕೊಡ್ತೇನಿ."

ಗಿಡ ಹೋದರೆ ಅವರಿಗೆ ಬೇರೆ ಅನ್ನವಿರಲಿಲ್ಲ. ಮಲ್ಕಪ್ಪನಿಗೆ ಬರುತ್ತಿದ್ದದ್ದು ಅದೊಂದೇ ಕೆಲಸ. ಭಾಗಮ್ಮ ಸೆರಗು ಸಿಕ್ಕಿಸಿಕೊಂಡು ಮನೆಯ ದಾರಿ ಹಿಡಿದಳು.

ಮರುದಿನ ಅಂಗಡಿ ತುಂಬಿತ್ತು. ವ್ಯಂಕಟೇಶ ತಾನೇ ಒಳಗಿನಿಂದ ಲೋಟ ತುಂಬಿ ತಂದುಕೊಟ್ಟ. ಭಾಗಮ್ಮ ಮೂಸಿದಳು, ಗುಟುಕು ಹಿಡಿದು ಕಣ್ಣು ಮುಚ್ಚಿದಳು. ಅವಳ ಮುಖ ಅರಳಿತು. ನುಂಗಿದಳು!

"ಛಲೋ ಅದ," ಅಂದಳು. "ಇದು ಹಳ್ಳದ ದಂಡಿ ಗಿಡದ್ದು. ನನ್ನ ಗಂಡ ಇಳಿಸಿದ್ದು."

ಮಂದಿ ಲೋಟ ಚಾಚಿದರು. ಆದರೆ ಅವಳು ತನ್ನದನ್ನು ಬೋರಲು ಹಾಕಲಿಲ್ಲ.

"ತಡೀರಿ. ಈ ಮಂದಿಗಿ ಹಾಕೂ ಗಡಿಗಿ ಮುಂದ ಅದ. ನನಗ ಒಳಗಿಂದ್ಯಾಕ ತಂದ್ರಿ?"

"ರೂಢಿ ಪ್ರಕಾರ ಒಂದು ಲೋಟ ಕೊಟ್ಟೇನಿ. ಮುಗೀತು," ಅಂದ ಅವನು.

ಭಾಗಮ್ಮ ಮುಂದಿನ ಗಡಿಗೆಯಲ್ಲಿ ಲೋಟ ಅದ್ದಿ ಅವನ ಮೂಗಿನ ಹತ್ತಿರ ಹಿಡಿದಳು. "ಹಂಗಾರ ಇದು ನೀವ್ ಕುಡೀರಿ. ಮಾಲು ನಿಮ್ದು, ಪುಡಿ ನಿಮ್ದು. ಕುಡೀರಿ, ನಾ ಈಗೇ ಬೋರಲು ಹಾಕ್ತೇನಿ."

ಅವನು ಹಿಂದೆ ಸರಿದ. "ಮಲ್ಕಪ್ಪ, ನಿನ್ನ ಹೆಂಡ್ತಿಗಿ ಹೇಳು. ಇಲ್ಲಾಂದ್ರ ಗಿಡ ಬಿಡು!"

ಎಲ್ಲರ ಕಣ್ಣು ಮಲ್ಕಪ್ಪನ ಮೇಲೆ. ಅವನು ಹೆಗಲ ಮೇಲಿದ್ದ ಗಿಡ ಹತ್ತುವ ಹಗ್ಗ ತೆಗೆದ. ಅದನ್ನು ಮಾಲಕನ ಮುಂದಿನ ಹಲಗೆಯ ಮೇಲಿಟ್ಟ.

"ಆಕಿ ಚೆಲ್ಲು ಅಂದಾಗ ನನ್ನ ಗಡಿಗೀನೇ ಚೆಲ್ಲೇನಿ. ನಿಮ್ದೇನು ದೊಡ್ಡದು?"

ಭಾಗಮ್ಮ ಆ ಲೋಟದ ಸೇಂದಿಯನ್ನು ಮಾಲಕನ ಕಾಲ ಬುಡಕ್ಕೆ ಸುರಿದು ಹೊರಗೆ ಬಂದಳು. ಎಲ್ಲರೂ ಅವಳ ಹಿಂದೆ ಎದ್ದುಬಂದರು ಎಂದರೆ ಸುಳ್ಳಾಗುತ್ತದೆ. ಅರ್ಧಕ್ಕರ್ಧ ಮಂದಿ ಕೂತು ಅದನ್ನೇ ಕುಡಿದರು, ಹಾಳಾಗಿ ಹೋಗಲಿ. ನಾನು ಮಾತ್ರ ಒಲೆ ಎತ್ತಿಕೊಂಡು ಬಸ್ ನಿಲ್ಲುವ ಜಾಗಕ್ಕೆ ಹೋದೆ.

ಗಂಡ ಹೆಂಡತಿ ನಿಂಬರ್ಗಾ ಕಡೆ ತೊಗರಿ ಕೊಯ್ಯಲು ಹೋದರು, ಬೇರೆಯವರ ಹೊಲದಲ್ಲಿ ಬೆನ್ನು ಬಗ್ಗಿಸಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಊರು ನಕ್ಕಿತು.

ಇತ್ತ ಅಂಗಡಿಯಲ್ಲಿ ಕುಡಿದವರಿಗೆ ವಾಂತಿ, ತಲೆಸುತ್ತು ಶುರುವಾಗಿ ಗಿರಾಕಿಗಳು ಕಡಿಮೆಯಾದರು. ಆಗ ವ್ಯಂಕಟೇಶನಿಗೆ ಭಾಗಮ್ಮ ನೆನಪಾದಳು. ತೊಗರಿ ಸುಗ್ಗಿ ಮುಗಿಸಿ ಅವರು ಊರಿಗೆ ಬಂದಾಗ ತನ್ನ ಅಂಗಡಿಯ ಆಳು ಶಾಂತಲಿಂಗಪ್ಪನ ಕೈಯಲ್ಲಿ ಹೇಳಿಕಳಿಸಿದ. ಗಿಡ ಎಲ್ಲ ವಾಪಸ್ ಕೊಡುತ್ತಾನಂತೆ, ಆಕೆ ಬಂದು ಮೊದಲ ಲೋಟ ಕುಡಿದರೆ ಸಾಕಂತೆ. ಅವಳು ಆಗ ಬಸ್ ನಿಲ್ಲುವಲ್ಲಿ ನನ್ನ ಒಲೆಯ ಮುಂದೆ ಕೂತು ಭಜಿ ತಿನ್ನುತ್ತಿದ್ದಳು. ತೊಗರಿ ಕೊಯ್ದು ಅವಳ ಕೈಗಳು ಸೀಳಿ ಗಾಯವಾಗಿದ್ದವು.

"ಅಂವ ಕುಡ್ದಾನೇನು?" ಎಂದು ಕೇಳಿದಳು.

"ಇಲ್ಲವಾ, ಅಂವೆಲ್ಲಿ ಕುಡೀತಾನ," ಅಂದ ಶಾಂತಲಿಂಗಪ್ಪ.

"ಹಂಗಾರ ಗಿಡ ಅವನ ಹತ್ರ ಇರ್ಲಿ. ನನ್ನ ನಾಲಿಗಿ ನನ್ನ ಬಾಯಾಗೇ ಇರ್ತದ," ಅಂದು ಭಾಗಮ್ಮ ಇನ್ನೊಂದು ಭಜಿ ಮುರಿದು ಬಾಯಿಗೆ ಹಾಕಿಕೊಂಡಳು. ಅಗಿದು, ನನ್ನ ಕಡೆ ತಿರುಗಿ ಕಣ್ಣು ಕೆಕ್ಕರಿಸಿದಳು.

"ನಾಗಣ್ಣ, ನಿನ್ನಿ ಎಣ್ಣ್ಯಾಗ ಕರ್ದೀಯಲ್ಲೋ. ಚೆಲ್ಲು!"

ಚೆಲ್ಲಿದೆ.