ಯಾರೂ ಓಗೊಡದ ಹೆಸರು

ಮೊನ್ನೆ ಶುಕ್ರವಾರ ಇಲ್ಲಿ ಗಲ್ಫಿನ ಬರ್ಕಾದ ಕಡಲ ಬದಿಯಲ್ಲಿ ನಾವು ಹತ್ತಿ ಕೂತ ಬಾಡಿಗೆ ಬೋಟು ಗುರುಗುಟ್ಟಿ ಹೊಗೆ ಬಿಟ್ಟಿತು. ಆ ಸುಟ್ಟ ಪೆಟ್ರೋಲಿನ ವಾಸನೆ ಮೂಗಿಗೆ ಬಡಿದದ್ದೇ, ಕೆಳಗಿನ ಮನೆಯ ಕಾಕ ಪಕ್ಕದಲ್ಲಿ ಬಂದು ಕೂತಂತಾಯಿತು...

ನಾನು ಚಿಕ್ಕವಳಿದ್ದಾಗ ಅಲ್ ಗುಬ್ರಾದಲ್ಲಿ ನಮ್ಮ ಫ್ಲಾಟಿನ ಕೆಳಗೆ ಇದ್ದವರು ಅವರು. ನಮ್ಮೂರ ಕಡೆಯ ಬ್ಯಾರಿ. ವಾದಿ ಕಬೀರಿನಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುತ್ತಿದ್ದರು. ರಜೆಯ ದಿನ ನಮ್ಮನ್ನೆಲ್ಲ ಡಾಲ್ಫಿನ್ ನೋಡಲು ಕರೆದೊಯ್ಯುತ್ತಿದ್ದರು. ಸ್ಟಿಯರಿಂಗ್ ಹಿಡಿದುಕೊಂಡೇ ಆಗಾಗ ಒಬ್ಬೊಬ್ಬರ ಹೆಸರು ಕೂಗುವರು. ನಾವು "ಓ" ಎನ್ನಬೇಕು. ನಮ್ಮದೆಲ್ಲ ಮುಗಿದ ಮೇಲೆ ಇನ್ನೊಂದು ಹೆಸರು ಕೂಗುವರು, ಬೋಟಿನಲ್ಲಿ ಯಾರದೂ ಅಲ್ಲದ್ದು. ಸ್ವಲ್ಪ ಕಾಯುವರು. ಅದು ಅವರ ತಮ್ಮನ ಹೆಸರು. ಹಿಂದೊಮ್ಮೆ ಬೋಟಿನ ಹಿಂಬದಿಯ ಪರದೆ ಇಳಿಸಿ ಎಂಜಿನ್ ಬಳಿ ಮಲಗಿದವನು ಏಳಲೇ ಇಲ್ಲವಂತೆ.

"ಹೊಗೆಯೊಳಗಿನ ವಿಷಗಾಳಿ ಕಾಣುದಿಲ್ಲ, ಅದಕ್ಕೆ ವಾಸನೆಯೂ ಇಲ್ಲ. ನಿದ್ದೆ ಬಂದ ಹಾಗೆ ಬರ್ತದೆ," ಎನ್ನುತ್ತಿದ್ದರು.

ಒಂದು ಶುಕ್ರವಾರ ಬೆಳಿಗ್ಗೆ ಬೋಟಿನಲ್ಲಿ ನನಗೆ ತಲೆನೋವು, ವಾಕರಿಕೆ. "ಕಡಲ ಬದಿಯವಳಿಗೆ ಕಡಲು ಆಗುದಿಲ್ಲವಾ ಮಾರಾಯ್ತಿ?" ಎಂದು ಅಮ್ಮ ನಕ್ಕು, ಲಿಂಬೆಹುಳಿ ಕೊಟ್ಟು ಹಿಂದಿನ ಸೀಟಿನಲ್ಲಿ ಮಲಗಿಸಿದಳು. ಬಿಸಿಲು ಬೀಳುತ್ತದೆಂದು ಪರದೆಯನ್ನೂ ಇಳಿಸಿದಳು. ಎಲ್ಲರೂ ಮುಂದೆ ಡಾಲ್ಫಿನ್ ನೋಡುವುದರಲ್ಲಿದ್ದರು. ಬೋಟು ನಿಂತಿತ್ತು, ಎಂಜಿನ್ ಓಡುತ್ತಲೇ ಇತ್ತು.

ಕಾಕ ನನ್ನ ಹೆಸರು ಕೂಗಿದ್ದು ಕೇಳಿಸಿತು. ನಾಲಿಗೆ ಏಳಲಿಲ್ಲ. ನನಗೆ ಹೆದರಿಕೆಯೂ ಆಗಲಿಲ್ಲ, ಅದೇ ಈಗ ಹೆದರಿಸುವುದು. ಎರಡನೇ ಸಲ ಕೂಗಿದರು. ಆಗ ನನ್ನ ಕಿವಿಯ ಹತ್ತಿರವೇ, ಪರದೆಯ ಈಚೆ, ಯಾರೋ ಗಂಡಸು ಮೆಲ್ಲಗೆ "ಓ" ಎಂದ...

ಕಾಕ ಎಂಜಿನ್ ಆರಿಸಿ, ಪರದೆ ಕಿತ್ತು, ನನ್ನನ್ನು ಎತ್ತಿ ಗಾಳಿಗೆ ತಂದರಂತೆ. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ನೋಡಲು ಬಂದ ಕಾಕನಿಗೆ ಆ "ಓ" ವಿಷಯ ಹೇಳಿದೆ. ವಿಷಗಾಳಿ ತಲೆಗೇರಿದರೆ ಹಾಗೆಲ್ಲ ಕೇಳಿಸುತ್ತದೆ ಎಂದರು ಡಾಕ್ಟರು. ಕಾಕ ಮಾತ್ರ ಮಂಚದ ಹತ್ತಿರ ಬಗ್ಗಿ ಕೇಳಿದರು: "ಸ್ವರ ಹೇಗಿತ್ತು ಮಗಾ?"

"ನಿದ್ದೆಯಲ್ಲಿದ್ದವರ ಹಾಗೆ."

ಆಮೇಲೆ ಅವರು ತಮ್ಮನ ಹೆಸರನ್ನು ಯಾವತ್ತೂ ಕೂಗಲಿಲ್ಲ.

ಕಾಕ ಊರಿಗೆ ಮರಳಿ ತೀರಿಕೊಂಡು ವರ್ಷಗಳಾದವು. ಕೊನೆಗೊಮ್ಮೆ ನೋಡಲೂ ಆಗಲಿಲ್ಲ, ಆ ಸಂಕಟ ಹಾಗೇ ಉಳಿದಿದೆ. ಮೊನ್ನೆ ಬೋಟಿನಲ್ಲಿ ಮೊದಲು ಪರದೆಯನ್ನು ಮೇಲಕ್ಕೆತ್ತಿ ಕಟ್ಟಿಸಿದೆ. ಆಮೇಲೆ ಎಲ್ಲರ ಹೆಸರು ಕೂಗಿದೆ. "ಐ ಆಮ್ ರೈಟ್ ಹಿಯರ್, ಅಮ್ಮಾ," ಎಂದು ಮಗಳು ಮುಖ ಸಿಂಡರಿಸಿದಳು.

ಕೊನೆಗೆ ಹಿಂದಿನ ಖಾಲಿ ಸೀಟಿನ ಕಡೆ ತಿರುಗಿ "ಕಾಕಾ" ಎಂದು ಕರೆದು ಸ್ವಲ್ಪ ಕಾದೆ. ಯಾರೂ ಓಗೊಡಲಿಲ್ಲ. ವಿಷಗಾಳಿ ತಲೆಗೇರಿಲ್ಲ, ಗಾಳಿ ಸರಿಯಿದೆ ಎಂದುಕೊಂಡೆ. ಆದರೂ ಒಮ್ಮೆ "ಓ" ಅಂದಿದ್ದರೆ ಎನಿಸಿತು.