ರೀನೋ ಊರಿನ ಸಾಕ್ಷಿಯಮ್ಮ

ರೀನೋದಲ್ಲಿ ಲುವೀನಾ ಟ್ಯಾಪ್ ಮನೆ ಎಲ್ಲಿ ಎಂದು ಕೇಳಿದರೆ ಅರ್ಧ ಜನ ತಲೆ ಕೆರೆದುಕೊಳ್ಳುತ್ತಿದ್ದರು. ಸಾಕ್ಷಿಯಮ್ಮನ ಮನೆ ಎಂದರೆ ಸಾಕು, ಸ್ಟೇಷನ್ನಿನ ಟ್ಯಾಕ್ಸಿಯವನು ಮರುಮಾತಿಲ್ಲದೆ ತಂದು ಬಾಗಿಲಿಗೇ ಇಳಿಸುತ್ತಿದ್ದ. ಹಳದಿ ಬಣ್ಣದ ಎರಡಂತಸ್ತಿನ ಮನೆ, ಮಹಡಿಯಲ್ಲಿ ಐದು ಕೋಣೆ. ಕೋಣೆಗೊಬ್ಬಳಂತೆ ಐದು ಹೆಂಗಸರು, ಐವರೂ ಗಂಡನನ್ನು ಬಿಡಲು ಬಂದವರು.

ನೆವಾಡ ರಾಜ್ಯದ ಕಾನೂನು ಆಗ ಹೀಗಿತ್ತು. ಹೊರಗಿನಿಂದ ಬಂದವಳು ಆರು ವಾರ ಇಲ್ಲೇ ಇರಬೇಕು. ಮುಂದೆಯೂ ಇಲ್ಲೇ ನೆಲೆಸುತ್ತೇನೆ ಎಂದು ಪ್ರಮಾಣ ಮಾಡಬೇಕು. ಅವಳನ್ನು ದಿನಾ ಕಣ್ಣಾರೆ ಕಂಡೆ ಎಂದು ಊರಿನವರೊಬ್ಬರು ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕು. ಇಷ್ಟಾದರೆ ಮಧ್ಯಾಹ್ನದ ಊಟದ ಹೊತ್ತಿಗೆ ಮದುವೆ ಮುರಿಯುತ್ತಿತ್ತು. ಆ ಸಾಕ್ಷಿಯ ಕೆಲಸ ನಮ್ಮ ಲುವೀನಾಳದು. ಕಂಡೆ ಎನ್ನುವುದರಲ್ಲಿ ಅವಳು ಒಂದು ಸುಳ್ಳನ್ನೂ ಹೇಳಿದವಳಲ್ಲ. ಬೆಳಗಿನ ತಿಂಡಿಯ ಮೇಜಿಗೆ ಬಂದು ಮುಖ ತೋರಿಸದವಳಿಗೆ ಅವಳ ಮನೆಯಲ್ಲಿ ಕಾಫಿ ಇರಲಿಲ್ಲ. ಒಮ್ಮೆ ಒಬ್ಬಳು ಸರೋವರ ನೋಡಲು ಹೋಗಿ, ಗೊತ್ತಿಲ್ಲದೆ ಆಚೆ ದಡದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಕೂತು ಊಟ ಮಾಡಿ ಬಂದಳು. "ನಿನ್ನೆ ದಿನ ಲೆಕ್ಕಕ್ಕೆ ಸೇರಲ್ಲ ಕಣಮ್ಮ. ಇನ್ನೊಂದು ದಿನ ಜಾಸ್ತಿ ಇರು" ಎಂದಳು ಲುವೀನಾ. ಅವಳು ಅತ್ತರೂ ಇವಳು ಜಗ್ಗಲಿಲ್ಲ.

ಆದರೆ ನೆಲೆಸುವ ಮನಸ್ಸಿನ ವಿಷಯ ಬಂತು ಅನ್ನಿ, ಅದು ಹಸಿ ಹಸಿ ಸುಳ್ಳು. ಊರಿಗೆ ಹೊರಡುವ ಸಂಜೆಯ ರೈಲಿನ ಟಿಕೆಟ್ಟು ಕೈಚೀಲದಲ್ಲಿ ಇಟ್ಟುಕೊಂಡೇ ಆ ಹೆಂಗಸರು ಬೈಬಲ್ಲಿನ ಮೇಲೆ ಕೈ ಇಡುತ್ತಿದ್ದರು. "ಇವರಿಗೆ ಇಲ್ಲೇ ಇರೋ ಮನಸ್ಸಿದೆ ಅಂತ ನಿಮಗೆ ಹೇಳಿದ್ರಾ?" ಎಂದು ವಕೀಲ ಕೇಳಿದರೆ ಲುವೀನಾ ಕಣ್ಣು ಮಿಟುಕಿಸದೆ "ಹೇಳಿದ್ರು ಸ್ವಾಮಿ, ಊರು ಬಹಳ ಹಿಡಿಸಿದೆಯಂತೆ" ಎನ್ನುತ್ತಿದ್ದಳು. ಐದಾರು ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ಸಲ ಹೀಗೆ ಹೇಳಿದ್ದಳು, ನಾಲಿಗೆ ಅಷ್ಟು ಪಳಗಿತ್ತು.

ಬೆಳಗಿನ ಮೇಜಿನ ಮಾತೇ ಮಾತು. ಒಬ್ಬೊಬ್ಬಳದೂ ಒಂದೊಂದು ರಾಜ್ಯ, ಒಂದೊಂದು ಗೋಳು.

"ನಮ್ಮ ನ್ಯೂಯಾರ್ಕಲ್ಲಿ ಗಂಡ ಇನ್ನೊಬ್ಬಳ ಜೊತೆ ಸಿಕ್ಕಿಬೀಳ್ಬೇಕು ಕಣ್ರೀ, ಬೇರೆ ದಾರೀನೇ ಇಲ್ಲ" ಎಂದಳು ತುಪ್ಪಳದ ಕೋಟಿನವಳು. "ವಕೀಲ್ರು ಹೋಟೆಲಲ್ಲಿ ಒಬ್ಬಳನ್ನ ಬಾಡಿಗೆಗೆ ಗೊತ್ತು ಮಾಡಿ, ಪೈಜಾಮ ಹಾಕ್ಕೊಂಡು ಅವಳ ಪಕ್ಕದಲ್ಲಿ ಕೂತ್ಕೋ, ಫೋಟೋ ತೆಗೀತೀವಿ ಅಂದ್ರು. ನಮ್ಮ ಪುಣ್ಯಾತ್ಮ ನಾಚ್ಕೊಂಡು ಮನೆಗೆ ಓಡ್ಬಂದ!"

"ನಮ್ಮ ಕಡೆ ತೀರ್ಪು ಕೊಟ್ಟ ಮೇಲೂ ಒಂದು ವರ್ಷ ಕಾಯಿ ಅಂತಾರೆ" ಎಂದಳು ಕ್ಯಾಲಿಫೋರ್ನಿಯಾದವಳು. "ಮನಸ್ಸು ಬದಲಾಗಬಹುದು ಅಂತೆ. ಹದಿನಾರು ವರ್ಷ ಬದಲಾಗದ ಮುಂಡೇದು ಒಂದು ವರ್ಷಕ್ಕೆ ಬದಲಾಗುತ್ತಾ?"

"ನಿಮ್ಮ ಸೌತ್ ಕ್ಯಾರೊಲೈನಾದಲ್ಲಿ ಹೇಗೆ ಸಾಕ್ಷಿಯಮ್ಮ?"

"ನಮ್ಮಲ್ಲಾ?" ಲುವೀನಾ ಬಾಣಲೆಯ ಮೊಟ್ಟೆ ತಿರುವಿ ಹಾಕಿದಳು. "ನಮ್ಮಲ್ಲಿ ವಿಚ್ಛೇದನ ಅನ್ನೋದೇ ಇಲ್ಲ. ಇಬ್ಬರಲ್ಲಿ ಒಬ್ಬರು ಸಾಯ್ಬೇಕು."

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇವಳು ನಗಲಿಲ್ಲ. ನಗುವುದಕ್ಕೆ ಅದು ತಮಾಷೆಯ ಮಾತಾಗಿರಲಿಲ್ಲ.

ಅವಳು ಟೈಗರ್ ನದಿ ದಡದ ಹತ್ತಿಗಿರಣಿ ಹಳ್ಳಿಯವಳು. ಹನ್ನೊಂದನೇ ವಯಸ್ಸಿಗೆ ಗಿರಣಿ ಸೇರಿ, ಹತ್ತೊಂಬತ್ತನೇ ವಯಸ್ಸಿಗೆ ಫರ್ಮನ್ ಗಾಸೆಟ್ ಎಂಬ ಮಗ್ಗ ರಿಪೇರಿಯವನನ್ನು ಮದುವೆಯಾದಳು. ಕುಡಿಯದಿದ್ದಾಗ ದೇವರಂಥವನು ಎನ್ನುತ್ತಿತ್ತು ಹಳ್ಳಿ. ಕುಡಿಯದ ದಿನ ವಾರಕ್ಕೆ ಎಷ್ಟಿತ್ತು ಎಂದು ಯಾರೂ ಕೇಳಲಿಲ್ಲ. ಮೊದಲು ಅವಳ ಮಣಿಕಟ್ಟು ಮುರಿಯಿತು, ಆಮೇಲೆ ಎರಡು ಹಲ್ಲು. ಪಾದ್ರಿ ಸಹಿಸಿಕೋ ಎಂದರು. ಪೊಲೀಸ್ ಶೆರಿಫ್ ಅದು ಮನೆಯೊಳಗಿನ ವಿಷಯ ಎಂದ. ಕಾನೂನು ಏನನ್ನೂ ಹೇಳಲಿಲ್ಲ, ಅದಕ್ಕೆ ಅಲ್ಲಿ ಬಾಯೇ ಇರಲಿಲ್ಲ.

ಸಾವಿರದ ಒಂಬೈನೂರ ಮೂವತ್ತೆರಡನೇ ಇಸವಿಯಲ್ಲಿ, ಅವ್ವನ ಹೊಲಿಗೆ ಯಂತ್ರ ಮಾರಿ, ಅವಳು ರೀನೋ ರೈಲು ಹತ್ತಿದಳು. ಮೂರು ವರ್ಷದ ಮಗಳು ವೈಲೀನಳಿಗೆ ನಾಯಿಕೆಮ್ಮು. ಐದು ದಿನದ ರೈಲಿನಲ್ಲಿ ಮಗು ಉಳಿಯಬೇಕಲ್ಲ? ಪಕ್ಕದ ಮನೆಯಲ್ಲೇ ಇದ್ದ ನಾದಿನಿ ಮೋಜೆಲ್ ಮಡಿಲಿಗೆ ಹಾಕಿ, ಆರು ವಾರಕ್ಕೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದುಕೊಂಡಳು. ಒಂದು ರಾಜ್ಯ ಕೊಟ್ಟ ಕಾಗದ ಇನ್ನೊಂದು ರಾಜ್ಯದಲ್ಲಿ ನಡೆಯುತ್ತದೆ ಎಂದು ನಂಬಿದ್ದಳು. ಅವಳ ತಪ್ಪು ಅಷ್ಟೇ.

ಆರು ವಾರ ಕಳೆದು ಕೋರ್ಟಿನಲ್ಲಿ ನಿಂತಾಗ, ಇಲ್ಲೇ ನೆಲೆಸುವ ಮನಸ್ಸಿದೆಯೇ ಎಂದು ಕೇಳಿದರು. ಇದೆ ಎಂದಳು. ಆ ವರ್ಷ ಆ ಕಟಕಟೆಯಲ್ಲಿ ಆ ಮಾತನ್ನು ನಿಜವಾಗಿ ಹೇಳಿದವಳು ಅವಳೊಬ್ಬಳೇ ಇರಬೇಕು. ತಾನು ಉಳಿದುಕೊಂಡಿದ್ದ ಮನೆಯಲ್ಲೇ ಅಡುಗೆಗೆ ನಿಂತಳು. ಮುದುಕಿ ಯಜಮಾನಿ ಕಣ್ಣು ಮುಚ್ಚಿದ ಮೇಲೆ ಮನೆಯನ್ನೂ ಸಾಕ್ಷಿಯ ಕೆಲಸವನ್ನೂ ತಾನೇ ನಡೆಸಿದಳು.

ರೈಲಿನ ಖರ್ಚು ಕೂಡಿಸಿಕೊಳ್ಳಲು ಎರಡು ವರ್ಷ ಹಿಡಿಯಿತು, ಮೂವತ್ತನಾಲ್ಕರಲ್ಲಿ ಮಗಳನ್ನು ತರಲು ಹೊರಟಳು. ಜಿಲ್ಲೆಯ ಊರಿನಲ್ಲಿ ರೈಲಿಳಿದು, ಸ್ಟೇಷನ್ ಎದುರಿಗಿದ್ದ ಕಾಥ್ರನ್ ವಕೀಲರ ಕಚೇರಿಗೆ ಹೋಗಿ ಕಾಗದ ತೋರಿಸಿದಳು.

"ನೆವಾಡದ್ದಾ?" ಕಾಥ್ರನ್ ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ. "ಇದು ಇಲ್ಲಿ ಒಲೆ ಹಚ್ಚೋಕಾಗುತ್ತೆ ಅಷ್ಟೆ. ಇಲ್ಲಿ ನೀನಿನ್ನೂ ಫರ್ಮನ್ ಗಾಸೆಟ್‌ನ ಹೆಂಡತಿ ತಾಯಿ. ಆ ಮನೆಗೆ ಕಾಲಿಟ್ರೆ ಹೊರಗೆ ಬಿಡೋದು ಬಿಡದಿರೋದು ಅವನಿಷ್ಟ. ಮಗೂನ ಎತ್ಕೊಂಡು ಹೋದ್ಯೋ, ಮುಂದಿನ ಸ್ಟೇಷನ್ನಲ್ಲಿ ಶೆರಿಫ್ ಇಳಿಸ್ಕೋತಾನೆ."

"ಅವನು ಕೊಂದೇ ಹಾಕ್ತಾನೆ ಸ್ವಾಮಿ."

"ಅದಕ್ಕೇ ಹೇಳಿದ್ದು, ಬಂದ ರೈಲಲ್ಲೇ ವಾಪಸ್ ಹೋಗು."

ಎಂಟು ಮೈಲಿ ದೂರದಲ್ಲಿ ಮಗಳು. ಎರಡು ಗಂಟೆ ಸ್ಟೇಷನ್ ಬೆಂಚಿನ ಮೇಲೆ ಕೂತಳು, ಆಮೇಲೆ ಮಗಳನ್ನು ನೋಡದೆಯೇ ರೀನೋ ರೈಲು ಹತ್ತಿದಳು. ಆ ಎಂಟು ಮೈಲಿಯ ಸಂಕಟ ಶತ್ರುವಿಗೂ ಬೇಡ. ಆಮೇಲೆ ಬರೆದ ಕಾಗದಗಳೆಲ್ಲ ಫರ್ಮನ್ ಕೈಗೆ ಸಿಕ್ಕಿ ಒಲೆಗೆ ಹೋದವು.

ಮೂವತ್ತೊಂಬತ್ತರ ಮಾರ್ಚಿನಲ್ಲಿ ಫರ್ಮನ್ ಕುಡಿದು ರೈಲುಹಳಿ ದಾಟಲು ಹೋಗಿ ಸತ್ತ. ಹಳೆಯ ನೆರೆಯವಳೊಬ್ಬಳು ಬರೆದ ಕಾಗದ ಓದಿ ಲುವೀನಾ ಅಳಲೂ ಇಲ್ಲ, ಹಿಗ್ಗಲೂ ಇಲ್ಲ. ಪೆಟ್ಟಿಗೆ ಕಟ್ಟಿದಳು. ಬಾಡಿಗೆಯವರನ್ನೆಲ್ಲ ಬೇರೆ ಮನೆಗೆ ಕಳಿಸಿ, ಮಹಡಿಯ ಬಿಸಿಲು ಬೀಳುವ ಕೋಣೆಗೆ ಹೊಸ ಪರದೆ ಹಾಕಿಸಿದಳು. ಮಗಳಿಗೆ ಹತ್ತು ತುಂಬಿತ್ತು.

ಊರಿಗೆ ಬಂದಿಳಿದರೆ, ಮೋಜೆಲ್ ಮಗುವನ್ನು ಬಿಡಲಿಲ್ಲ. ಗಂಡನನ್ನೂ ಮಗುವನ್ನೂ ಬಿಟ್ಟು ಓಡಿಹೋದ ವಿಚ್ಛೇದಿತೆಗೆ ತಾಯಿ ಎನ್ನುವ ಹಕ್ಕೆಲ್ಲಿಯದು ಎಂದು ಕೋರ್ಟಿಗೆ ಬರೆದುಕೊಂಡಳು. ಲುವೀನಾ ಮತ್ತೆ ಕಾಥ್ರನ್ ಕಚೇರಿಗೆ ಹೋದಳು.

"ನೋಡಿ ಮಿಸೆಸ್ ಗಾಸೆಟ್" ಎಂದರು ಅವರು. ರೀನೋದಲ್ಲಿ ಅವಳು ಮತ್ತೆ ತವರಿನ ಟ್ಯಾಪ್ ಹೆಸರನ್ನೇ ಇಟ್ಟುಕೊಂಡಿದ್ದಳು, ಏಳು ವರ್ಷದಿಂದ ಗಾಸೆಟ್ ಎಂದು ಅವಳನ್ನು ಯಾರೂ ಕರೆದಿರಲಿಲ್ಲ. "ಈ ರಾಜ್ಯದಲ್ಲಿ ಹೆಂಡತಿ ಇದ್ದಾಳೆ, ವಿಧವೆ ಇದ್ದಾಳೆ. ಗಂಡನ್ನ ಬಿಟ್ಟವಳು ಅನ್ನೋ ಪ್ರಾಣೀನೇ ಇಲ್ಲ. ವಿಧವೆಗೆ ಮಗು ಕೊಡ್ತಾರೆ, ಓಡಿಹೋದವಳಿಗೆ ಕೊಡಲ್ಲ. ಆರಿಸ್ಕೊಳ್ಳಿ."

"ನಂಗೆ ಬಿಡುಗಡೆ ಆಗಿದೆಯಲ್ಲ ಸ್ವಾಮಿ."

"ನೆವಾಡದಲ್ಲಿ ನೆಲೆಸೋ ಮನಸ್ಸು ನಿಮಗೆ ಇತ್ತಾ? ಇತ್ತು ಅಂದ್ರೆ ಆ ತೀರ್ಪಿಗೆ ಒಂದು ಬೆಲೆ ಬರುತ್ತೆ, ನೀವು ಓಡಿಹೋದವಳು ಆಗ್ತೀರಿ. ಇರಲೇ ಇಲ್ಲ ಅಂದ್ರೆ ಆ ತೀರ್ಪೇ ಬೋಗಸ್. ನೀವು ಫರ್ಮನ್‌ನ ಹೆಂಡತಿಯಾಗೇ ಇದ್ರಿ, ಈಗ ವಿಧವೆ. ಗಿರಣಿಯ ಹತ್ತಿ ಧೂಳು ಎದೆಗೆ ಕೂತಿತ್ತು, ಒಣ ಹವೆಗೆ ಅಂತ ಹೋದ್ರಿ. ಅಲ್ಲಿ ಯಾರೋ ತಲೆ ಕೆಡಿಸಿ ರುಜು ಹಾಕಿಸ್ಕೊಂಡ್ರು. ವಾಪಸ್ ಬರೋ ಮನಸ್ಸು ಒಂದು ದಿನಾನೂ ಬಿಟ್ಟಿರಲಿಲ್ಲ. ಹೇಳ್ತೀರಾ?"

"ಹೊಡೆದದ್ದು ಹೇಳಬಾರದಾ?"

"ಸತ್ತವನ ಮೇಲೆ ದೂರು ಹೇಳೋ ವಿಧವೆ ಎಲ್ಲಾದ್ರೂ ಇದ್ದಾಳಾ ತಾಯಿ?"

ತನ್ನ ಬದುಕಿನಲ್ಲಿ ಕೋರ್ಟಿಗೆ ಹೇಳಿದ್ದ ಒಂದೇ ಒಂದು ದೊಡ್ಡ ನಿಜವನ್ನು ಸುಳ್ಳು ಎಂದು ಪ್ರಮಾಣ ಮಾಡಬೇಕಿತ್ತು. ಅವಳು ಹೆಚ್ಚು ಹೊತ್ತು ಯೋಚಿಸಲಿಲ್ಲ. ಯಾರ್ಯಾರದೋ ಹೆಣ್ಣುಮಕ್ಕಳಿಗಾಗಿ ಇನ್ನೂರು ಸುಳ್ಳು ಹೇಳಿದವಳು ತನ್ನ ಹೆತ್ತ ಮಗಳಿಗಾಗಿ ಇನ್ನೊಂದು ಹೇಳಲಾರಳೇ? ಅಂಗಡಿಗೆ ಹೋಗಿ ಕಪ್ಪು ಬಟ್ಟೆ ಕೊಂಡಳು.

ಮೇ ತಿಂಗಳ ಸೆಕೆ. ಕೋರ್ಟಿನ ಮುಂದಿನ ಸಾಲಿನಲ್ಲಿ ಮೋಜೆಲ್, ಪಕ್ಕದಲ್ಲಿ ಬಿಳಿ ಕಾಲುಚೀಲದ ವೈಲೀನ್. ಹಣೆ, ಹುಬ್ಬು, ಗಲ್ಲ, ಎಲ್ಲ ಲುವೀನಾಳದೇ. ಅಯ್ಯೋ, ಆ ಹುಡುಗಿಯನ್ನು ಹಾಗೆ ಏಳು ವರ್ಷದ ಮೇಲೆ ನೋಡಿಯೂ ಅವಳ ಧ್ವನಿ ನಡುಗಲಿಲ್ಲ. ಕಟಕಟೆ ಹತ್ತಿದರೆ ಮೈಯೇ ತನ್ನ ಕೆಲಸ ತಾನು ಮಾಡುತ್ತಿತ್ತು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಕಣ್ಣು ಕೆಳಗೆ ಹಾಕಬೇಕು, ಯಾವ ಮಾತನ್ನು ನ್ಯಾಯಾಧೀಶರ ಮುಖ ನೋಡಿ ಹೇಳಬೇಕು, ಎಲ್ಲ ಗೊತ್ತಿತ್ತು.

"ನೆವಾಡದಲ್ಲಿ ನೆಲೆಸ್ತೀನಿ ಅಂತ ಪ್ರಮಾಣ ಮಾಡಿದ್ದು ನೀವೇ ತಾನೆ?" ಎಂದು ಮೋಜೆಲ್‌ಳ ವಕೀಲ ಕಾಗದ ಅಲ್ಲಾಡಿಸಿದ.

"ಮಾಡಿದ್ದು ನಿಜ. ಮನಸ್ಸಲ್ಲಿ ಇರಲಿಲ್ಲ. ಅಲ್ಲಿ ಎಲ್ಲರೂ ಹಾಗೇ ಹೇಳ್ತಾರೆ ಸ್ವಾಮಿ, ಅದು ಬರೀ ಬಾಯಿಮಾತು."

"ಅಂದ್ರೆ ವಾಪಸ್ ಬರೋ ಯೋಚನೆ ಇತ್ತು ಅಂತೀರಿ?"

"ಒಂದು ದಿನಾನೂ ಬಿಟ್ಟಿರಲಿಲ್ಲ. ನಾನು ಯಾವತ್ತೂ ಫರ್ಮನ್ ಹೆಂಡತೀನೇ. ನನ್ನ ಮನೆ ಇಲ್ಲೇ, ನನಗೆ ಇಲ್ಲಿ ಯಾರ ಭಯಾನೂ ಇರಲಿಲ್ಲ."

ಕೊನೆಯ ಮಾತನ್ನು ಕಾಥ್ರನ್ ಹೇಳಿಕೊಟ್ಟಿರಲಿಲ್ಲ. ಅದು ಅವಳದೇ ಸೇರ್ಪಡೆ. ನೆವಾಡದ ವಿಚ್ಛೇದನ ಬರೀ ಬೂಟಾಟಿಕೆ ಎಂದು ಅಲ್ಲಿಂದ ಬಂದವಳ ಬಾಯಲ್ಲೇ ಕೇಳಿ ನ್ಯಾಯಾಧೀಶರ ಮುಖ ಅರಳಿತು. ಮಗು ದೊಡ್ಡದಾಗಿದೆ, ಅದನ್ನೂ ಒಂದು ಮಾತು ಕೇಳುತ್ತೇನೆ, ಎರಡು ಗಂಟೆಗೆ ತೀರ್ಪು ಎಂದು ಎದ್ದರು. ಹೊರಗೆ ಬಂದು ಕಾಥ್ರನ್ ಕೈ ಉಜ್ಜಿಕೊಂಡರು. "ಭೇಷ್! ಇಂಥ ಸಾಕ್ಷೀನ ನಾನು ನನ್ನ ಜನ್ಮದಲ್ಲಿ ಕಂಡಿಲ್ಲ."

ಲುವೀನಾ ಕೋರ್ಟಿನ ಪಡಸಾಲೆಯ ಬೆಂಚಿನ ಮೇಲೆ ಕೂತಿದ್ದಳು. ವೈಲೀನ್ ತಾನಾಗಿಯೇ ಬಂದು ಮುಂದೆ ನಿಂತಳು. ಎರಡು ಹೆಜ್ಜೆ ಹಿಂದೆ ಮೋಜೆಲ್‌ಳ ವಕೀಲ ಸಿಗಾರು ಹಚ್ಚುತ್ತಾ ಕಿವಿ ಇಲ್ಲೇ ಇಟ್ಟಿದ್ದ.

"ನೀವು ಒಳಗೆ ಹೇಳಿದ್ದೆಲ್ಲ ನಿಜಾನಾ?"

ನೀವು ಎಂದಳು. ಗುರುತಿಲ್ಲದ ಹೆಂಗಸಿಗೆ ಅನ್ನುವ ಹಾಗೆ. ಕಾಥ್ರನ್ ಲುವೀನಾಳ ಮೊಣಕೈ ಹಿಡಿದು ಒತ್ತಿದರು.

"ನಿಜ ಕಣೇ ಪುಟ್ಟಿ."

"ಅಪ್ಪನ ಕಂಡ್ರೆ ಭಯ ಇರಲಿಲ್ವಾ?"

"...ಇರಲಿಲ್ಲ."

"ಬರಬೇಡಿ ಅಂತ ಯಾರೂ ತಡೆದಿರಲಿಲ್ವಾ?"

ಆ ಸ್ಟೇಷನ್ ಬೆಂಚು, ಎಂಟು ಮೈಲಿ, ಮುರಿದ ಮಣಿಕಟ್ಟು ಎಲ್ಲ ಲುವೀನಾಳ ನಾಲಿಗೆಯ ತುದಿಗೆ ಬಂದವು. ಒಂದು ಮಾತು ಹೊರಗೆ ಬಿದ್ದರೆ ಬೆಳಗಿನ ಪ್ರಮಾಣ ಮಣ್ಣುಪಾಲು, ಮಗಳೂ ಕೈತಪ್ಪುತ್ತಾಳೆ. ಇನ್ನು ಒಂದೇ ಗಂಟೆ, ರೈಲಿನಲ್ಲಿ ಕೂಡಿಸಿಕೊಂಡು ಎಲ್ಲ ಹೇಳಿದರಾಯಿತು ಎಂದುಕೊಂಡಳು. ಐದು ದಿನದ ದಾರಿ, ಬೇಕಾದಷ್ಟು ಹೊತ್ತಿದೆ.

"ಯಾರೂ ತಡೀಲಿಲ್ಲ" ಎಂದಳು.

 "ಒಳಗೆ ಹೇಳಿದ್ರಲ್ಲ, ಆ ಗಿರಣಿ ಧೂಳಿನ ಕೆಮ್ಮು ವಾಸಿಯಾಯ್ತಾ?" ಎಂದು ಕೇಳಿದಳು ಹುಡುಗಿ. ಆಯಿತು ಎಂದಳು ತಾಯಿ. ವೈಲೀನ್ ತಲೆಯಾಡಿಸಿ ಅತ್ತೆಯ ಕಡೆಗೆ ನಡೆದುಹೋದಳು.

ಎರಡು ಗಂಟೆಗೆ ನ್ಯಾಯಾಧೀಶರು ತೀರ್ಪು ಓದಿದರು. ನೆವಾಡದ ವಿಚ್ಛೇದನ ಈ ರಾಜ್ಯದಲ್ಲಿ ನಡೆಯದು. ಲುವೀನಾ ಗಾಸೆಟ್ ಸತ್ತ ಫರ್ಮನ್‌ನ ಧರ್ಮಪತ್ನಿ, ಮರ್ಯಾದಸ್ಥ ವಿಧವೆ, ಮಗುವನ್ನು ಸಾಕಲು ಎಲ್ಲ ರೀತಿಯಲ್ಲೂ ತಕ್ಕವಳು. ಕಾಥ್ರನ್ ಅವಳ ಕಡೆ ತಿರುಗಿ ನಕ್ಕರು. ಲುವೀನಾ ಎದ್ದು ನಿಂತೇಬಿಟ್ಟಿದ್ದಳು. ನ್ಯಾಯಾಧೀಶರು ಕೈಯೆತ್ತಿ, ಇನ್ನೂ ಇದೆ, ಕೂತುಕೊಳ್ಳಿ ಎಂದರು.

ಮಗುವಿಗೆ ಹತ್ತು ವರ್ಷ, ತಿಳಿವಳಿಕೆ ಚೆನ್ನಾಗಿದೆ, ಅವಳ ಮನಸ್ಸಿಗೆ ವಿರುದ್ಧವಾಗಿ ಕಳಿಸುವುದು ಸರಿಯಲ್ಲ, ಅತ್ತೆಯ ಬಳಿಯೇ ಇರಲಿ ಎಂದರು. ಯಾಕೆ ಎಂದು ಕಾಥ್ರನ್ ಎದ್ದು ಕೇಳಿದಾಗ, ನ್ಯಾಯಾಧೀಶರು ಹುಡುಗಿಯ ಮಾತನ್ನು ತಾವು ಬರೆದುಕೊಂಡ ಹಾಗೆಯೇ ಓದಿದರು.

"ಬರಬಹುದಿತ್ತಂತೆ, ಬರಲಿಲ್ಲವಂತೆ. ಅವರೇ ಪ್ರಮಾಣ ಮಾಡಿ ಹೇಳಿದ್ರು."